ಗುಡುಗಿದಾಗ ಒಳಗಿರಬೇಕಾದವನು

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ, ಬನಹಟ್ಟಿಯಿಂದ ಜಮಖಂಡಿಗೆ ಹೋಗುವ ಬಸ್ಸಿನಿಂದ ನನ್ನನ್ನು ನಡುದಾರಿಯಲ್ಲಿ ಇಳಿಸಿದರು. ನನ್ನ ಬಳಿ ಟಿಕೀಟು ಇತ್ತು. ಹೊಸ ನಿಬ್ಬು ಹಾಕಿದ ಟಾಕು, ಮಸಿಯ ದೌತಿ, ಪರೀಕ್ಷೆಯ ನಂಬರು ಬರೆದ ಚೀಟಿ, ಅರಿವೆಯಲ್ಲಿ ಕಟ್ಟಿದ ಎರಡು ರೊಟ್ಟಿ ಇದ್ದವು. ಪಕ್ಕದ ಸೀಟಿನಲ್ಲಿ ಅಜ್ಜಿ, ಅಂದರೆ ನನ್ನ ತಂದೆಯ ತಾಯಿ, ಕೂತಿದ್ದಳು. ಇಳಿಸಿದವರು ಕೊಟ್ಟ ಕಾರಣ ಇಷ್ಟೇ: ಆಕಾಶ ಗುಡುಗಿತ್ತು, ಮತ್ತು ನಾನು ಕಾಲು ಮುಂದಾಗಿ ಹುಟ್ಟಿದವನಾಗಿದ್ದೆ.

ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಬಂದ ಕೂಸಿಗೆ ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಅಂಥವರಿಗೆ ಹುಟ್ಟಿನಿಂದಲೇ ಒಂದು ಶಕ್ತಿ ಬಂದಿರುತ್ತದೆಂದು ನಂಬಿಕೆ. ಈ ನಂಬಿಕೆಗೆ ಎರಡು ಭಾಗಗಳಿವೆ. ಅವೆರಡನ್ನೂ ನಾನು ಬೇರೆಬೇರೆಯಾಗಿಯೇ ಬರೆಯಬೇಕು, ಏಕೆಂದರೆ ನಮ್ಮ ಜನ ಅವನ್ನು ಬೇರೆಬೇರೆಯಾಗಿಯೇ ಬಳಸುತ್ತಿದ್ದರು. ಮೊದಲನೆಯದು: ಬೆನ್ನು ಉಳುಕಿದವರನ್ನು ಹೊಸ್ತಿಲಿನ ಮೇಲೆ ಬೋರಲು ಮಲಗಿಸಿ, ಪಾಯಾಳು ತನ್ನ ಬಲಗಾಲಿನಿಂದ ನಡುವಿಗೆ ಮೂರು ಸಲ ಒದ್ದರೆ ಉಳುಕು ಬಿಡುತ್ತದೆ. ಎರಡನೆಯದು: ಸಿಡಿಲು ಪಾಯಾಳುಗಳನ್ನು ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಗುಡುಗುವಾಗ ಅವರು ಹೊರಗೆ ಇರಕೂಡದು, ಬೇರೆಯವರ ಪಕ್ಕದಲ್ಲಂತೂ ನಿಲ್ಲಲೇಕೂಡದು.

ಕಾಲು ಎಲ್ಲರಿಗೂ ಬೇಕಿತ್ತು. ಕಾಲಿನ ಮೇಲಿದ್ದ ಉಳಿದ ಮನುಷ್ಯ ಮೋಡ ಕವಿದಾಗ ಯಾರಿಗೂ ಬೇಡವಾಗಿದ್ದ.

ನಮ್ಮದು ನೇಯುವವರ ಓಣಿ. ಮನೆಮನೆಯಲ್ಲೂ ಕುಣಿಮಗ್ಗ, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಬೆಳಗಿನಿಂದ ದೀಪ ಹಚ್ಚುವವರೆಗೆ ಬಾಗಿ ಕೂರುವ ಕೆಲಸ. ಅಲ್ಲಿ ಬೆನ್ನು ನೋಯದ ಗಂಡಸೇ ಇರಲಿಲ್ಲ. ಹೀಗಾಗಿ ನನ್ನ ಆರನೆಯ ವಯಸ್ಸಿನಿಂದ ಪ್ರತಿ ರವಿವಾರ ನಮ್ಮ ಹೊಸ್ತಿಲಿನ ಮುಂದೆ ಜನ ಸಾಲುಹಚ್ಚಿ ಕೂರುತ್ತಿದ್ದರು. ಒದೆಯುವಾಗ ನಾನು ಮಾತಾಡಬಾರದು, ನಗಬಾರದು. ಒದೆಸಿಕೊಂಡವನು ಹಿಂದಿರುಗಿ ನೋಡದೆ ಹೋಗಬೇಕು. ಏನನ್ನೂ ಕೊಡಬಾರದು, ಕೊಟ್ಟರೆ ಗುಣ ಹೋಗುತ್ತದೆ. ಅಜ್ಜಿ ಒಳಗಿನ ಕಂಬಕ್ಕೆ ಆತು ಕೂತು ಇದನ್ನೆಲ್ಲ ನಡೆಸಿಕೊಡುತ್ತಿದ್ದಳು. "ಹೂಂ, ಮುಂದಿನಾಂವ ಮಕ್ಕೋ. ಏ ಕೂಸಾ, ಮೆತ್ತಗ ಒದೀಬ್ಯಾಡೋ, ಆ ಬೆನ್ನ ಬೆನ್ನಲ್ಲ, ಬಂಡಿಗಲ್ಲೈತಿ" ಎನ್ನುವಳು. ಸಾಲಿನಲ್ಲಿದ್ದವರು ನಗುವರು. ನಾನು ನಗಬಾರದಾದ್ದರಿಂದ ತುಟಿ ಕಚ್ಚಿಕೊಂಡು ನಿಲ್ಲುತ್ತಿದ್ದೆ.

ಆ ಸಾಲಿನಲ್ಲಿ ಕಾಯದೆ ನೇರ ಮುಂದೆ ಬಂದು ಮಲಗುವ ಹಕ್ಕು ಒಬ್ಬರಿಗೇ ಇತ್ತು. ಅವರು ನಮ್ಮ ಓಣಿಗೆ ನೂಲು ಕೊಟ್ಟು ನೇಯಿಸಿಕೊಳ್ಳುತ್ತಿದ್ದ ಸಾವಕಾರರು. ಆಗ ಅವರಿಗೆ ಮೂವತ್ತು ದಾಟಿರಬಹುದು. ನೇಯದೆಯೂ ಬೆನ್ನು ನೋಯಿಸಿಕೊಂಡವರು ಓಣಿಯಲ್ಲಿ ಅವರೊಬ್ಬರೇ. ಅಂಗಿಯನ್ನು ಮೇಲೆತ್ತಿ, ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, "ಹಾಕಪಾ ತಮ್ಮಾ" ಎಂದು ನನ್ನ ಕಾಲ ಕೆಳಗೆ ಮಲಗುತ್ತಿದ್ದರು. ಇಡೀ ಓಣಿ ಅವರ ಎದುರು ಕೈಕಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ ಅವರನ್ನು ಒದೆಯುವವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ಇದನ್ನು ಮುಚ್ಚಿಡಲಾರೆ. ಇತರರ ತಪ್ಪುಗಳನ್ನು ಬರೆಯಲು ಕೂತವನು ತನ್ನದನ್ನು ಬಿಟ್ಟು ಬರೆಯಬಾರದು.

ರವಿವಾರದ ಈ ಮರ್ಯಾದೆ ಮಳೆಗಾಲದಲ್ಲಿ ಸಂಪೂರ್ಣ ತಿರುಗಿ ನಿಲ್ಲುತ್ತಿತ್ತು. ಒಂದು ಗುಡುಗು ಕೇಳಿದರೆ ಸಾಕು, ಅಜ್ಜಿ ಎಲ್ಲಿದ್ದರೂ ಬಂದು ನನ್ನ ರಟ್ಟೆ ಹಿಡಿದು ಒಳಕೋಣೆಗೆ ತಳ್ಳುತ್ತಿದ್ದಳು. ಲೋಹ ಸಿಡಿಲನ್ನು ಸೆಳೆಯುತ್ತದೆಂದು ಉಡಿದಾರದಲ್ಲಿದ್ದ ಬೆಳ್ಳಿಯ ತಾಯಿತವನ್ನೂ ಬಿಚ್ಚಿಕೊಳ್ಳುತ್ತಿದ್ದಳು. ಆ ಕೋಣೆಗೆ ಕಿಟಕಿ ಇರಲಿಲ್ಲ. ನೂಲಿನ ಗಂಜಿಯ ಹುಳಿವಾಸನೆ ಇತ್ತು. ಶಾಲೆಯಲ್ಲಿ ಮೋಡ ಕವಿದರೆ ಮಾಸ್ತರರು ನನ್ನ ಹೆಸರು ಹಿಡಿದು ಕರೆದು, "ನೀ ಮನೀಗಿ ನಡಿ" ಎನ್ನುತ್ತಿದ್ದರು. ನಾನು ಒಬ್ಬನೇ, ಗುಡುಗುವ ಆಕಾಶದ ಕೆಳಗೆ, ಬಯಲು ದಾಟಿ ಮನೆಗೆ ಓಡಬೇಕಿತ್ತು. ಸಿಡಿಲು ನಿಜವಾಗಿಯೂ ನನ್ನನ್ನು ಹುಡುಕುತ್ತಿದ್ದರೆ ಅದಕ್ಕಿಂತ ಅನುಕೂಲದ ಏರ್ಪಾಡನ್ನು ಯಾರೂ ಮಾಡಿಕೊಡಲಾರರು ಎಂದು ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂರು ವರ್ಷ, ಮೂವರು ಮಾಸ್ತರರು. ಅವರಲ್ಲಿ ಇಬ್ಬರಿಗೆ ನಾನು ಬೆನ್ನು ಒದ್ದಿದ್ದೇನೆ.

ಆದರೂ ನಾನು ಓದಿನಲ್ಲಿ ಮುಂದಿದ್ದೆ. ಜಮಖಂಡಿಯ ಒಂದು ಉಚಿತ ಪ್ರಸಾದನಿಲಯದವರು ನಮ್ಮ ಶಾಲೆಯಿಂದ ವರ್ಷಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡು ಹೈಸ್ಕೂಲು ಓದಿಸುತ್ತಿದ್ದರು. ಮುಲ್ಕಿ ಪರೀಕ್ಷೆಯಲ್ಲಿ ಶಾಲೆಗೆ ಮೊದಲು ಬಂದವನಿಗೆ ಆ ಜಾಗ. ಆ ವರ್ಷ ಅದು ನನಗೇ ಎಂದು ಮಾಸ್ತರರೇ ಹೇಳಿದ್ದರು. ಹೈಸ್ಕೂಲಿನ ಓದು, ಊಟ, ಮಲಗಲು ಜಾಗ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಹುಟ್ಟಿನ ಸಂಗತಿ ಯಾರಿಗೂ ಗೊತ್ತಿಲ್ಲದ ಒಂದು ಊರು. ಪರೀಕ್ಷೆಗೆ ಹೊರಟಾಗ ನನ್ನ ಮನಸ್ಸಿನಲ್ಲಿದ್ದದ್ದು ಅದು.

ಏಪ್ರಿಲ್ ತಿಂಗಳ ಬೆಳಿಗ್ಗೆ. ತಂದೆ ಮಗ್ಗ ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ಅಜ್ಜಿ ಜೊತೆಗೆ ಹೊರಟಳು. ಬಸ್ಸು ತುಂಬಿತ್ತು. ಡ್ರೈವರನ ಹಿಂದಿನ ಸೀಟಿನಲ್ಲಿ ಸಾವಕಾರರು ಕೂತಿದ್ದರು. ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಒಮ್ಮೆ ಗುಡುಗಿತು. ಸಾವಕಾರರು ಹಿಂದಿರುಗಿ ನೋಡಿದರು. ನಾನು ಅವರ ಕಣ್ಣಿಗೆ ಬಿದ್ದೆ.

"ಏ ಕಂಡಕ್ಟರ್, ಗಾಡಿ ನಿಂದರಸು. ಆ ಹುಡುಗನ್ನ ಇಳಸು ಮೊದಲ. ಕಾಲ ಮುಂದಾಗಿ ಹುಟ್ಟಿದಾಂವ ಅಂವಾ."

"ಆದರ ಏನಾತ್ರೀ?"

"ಏನಾತಂತ ಕೇಳತೀಯಲ್ಲ! ಸಿಡ್ಲ ಬಡೀತೈತಿ. ಒಬ್ಬನ ಸಲುವಾಗಿ ಬಸ್ಸಿನ ತುಂಬ ಮಂದಿ ಸಾಯಬೇಕೇನು?"

ಹಿಂದಿನ ಸೀಟಿನಿಂದ ಒಬ್ಬ, "ಏನೂ ಆಗೂದಿಲ್ಲ ಬಿಡ್ರೀ, ಬಸ್ಸಿಗಿ ರಬ್ಬರಿನ ಗಾಲಿ ಅದಾವು" ಎಂದ.

"ನಿನ್ನ ತಲೀಗಿ ಅದಾವೇನಲೇ ರಬ್ಬರಿನ ಗಾಲಿ?" ಎಂದ ಇನ್ನೊಬ್ಬ. ಬಸ್ಸೆಲ್ಲ ನಕ್ಕಿತು. ನಕ್ಕು ಮುಗಿಯುವುದರೊಳಗೆ ಇನ್ನೊಮ್ಮೆ ಗುಡುಗಿತು. ಆಮೇಲೆ ಯಾರೂ ನಗಲಿಲ್ಲ.

ಕಂಡಕ್ಟರ್ ಕೆಟ್ಟವನಲ್ಲ. ನಮ್ಮ ಸೀಟಿನ ಬಳಿ ಬಂದು ಬಾಗಿ ಅಜ್ಜಿಯನ್ನು ಕೇಳಿದ: "ಯವ್ವಾ, ಖರೇ ಏನಿದು? ನೀ ಅಲ್ಲ ಅಂದ್ರ ನಾ ಇಳಸೂದಿಲ್ಲ. ಹುಡುಗನ ಪರೀಕ್ಷಾ ಐತಿ ಅಂತಾರ."

ಅಜ್ಜಿ ಸಾವಕಾರರ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಹೌದಪಾ, ಖರೆ" ಎಂದಳು.

ನಮ್ಮನ್ನು ಇಳಿಸಿದ್ದು ಒಂದು ಬೇವಿನ ಮರದ ಕೆಳಗೆ. ಸುತ್ತ ಬರಿಯ ಬಯಲು, ನಡುವೆ ಅದೊಂದೇ ಮರ. ಬಸ್ಸಿನಲ್ಲಿದ್ದ ಅಷ್ಟು ಜನರಲ್ಲಿ ಯಾರಿಗೂ ಅದು ವಿಚಿತ್ರವೆನ್ನಿಸಲಿಲ್ಲ. ಬಸ್ಸು ಹೋದ ಮೇಲೆ ನಾನು ಜಮಖಂಡಿಯ ಕಡೆ ಓಡತೊಡಗಿದೆ. ಓಡಿದ್ದರೆ ಎರಡನೆಯ ಪೇಪರಿಗಾದರೂ ಮುಟ್ಟುತ್ತಿದ್ದೆನೇನೋ. ಅಜ್ಜಿ ನನ್ನ ಅಂಗಿ ಹಿಡಿದು ನಿಲ್ಲಿಸಿ ಬನಹಟ್ಟಿಯ ಕಡೆ ತಿರುಗಿಸಿದಳು. ದಾರಿಯುದ್ದಕ್ಕೂ ನಾನು ಅಳುತ್ತಲೇ ನಡೆದೆ, ಆಕೆ ಹಿಡಿದ ಅಂಗಿ ಬಿಡಲಿಲ್ಲ. ಆ ದಿನ ಒಂದು ಹನಿಯೂ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದಿತ್ತು.

ಮುಂದಿನ ರವಿವಾರ ಸಾವಕಾರರು ಎಂದಿನಂತೆ ಬಂದು, ಟೊಪ್ಪಿಗೆ ತೆಗೆದಿಟ್ಟು ಹೊಸ್ತಿಲಿನ ಮೇಲೆ ಮಲಗಿದರು. ಪರೀಕ್ಷೆಯ ಮಾತು ಎತ್ತಲಿಲ್ಲ. ನಾನು ನನ್ನ ಹದಿಮೂರು ವರ್ಷದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಒದ್ದೆ. ಮೂರಕ್ಕೆ ಬದಲು ನಾಲ್ಕು ಸಲ ಒದ್ದೆ. ಅವರು ಎದ್ದು ನಡು ತಿರುವಿ ನೋಡಿಕೊಂಡು, ನಿಯಮ ಮೀರಿ ಹಿಂದಿರುಗಿ, "ಇವತ್ತ ಭಾಳ ಛಲೋ ಹತ್ತಿತು ನೋಡ" ಎಂದು ಹೋದರು.

ಮರುವರ್ಷ ನಾನು ಪರೀಕ್ಷೆಗೆ ಕೂತೆ, ಪಾಸಾದೆ. ಆದರೆ ಮರುವರ್ಷದ ಮೊದಲಿಗ ಬೇರೊಬ್ಬನಿದ್ದ. ಪ್ರಸಾದನಿಲಯದ ಜಾಗ ಅವನಿಗೆ ಹೋಯಿತು. ನಾನು ಬೆಳಿಗ್ಗೆ ಮಗ್ಗದ ಮುಂದೆ ಕೂತು, ಉಳಿದ ಹೊತ್ತಿನಲ್ಲಿ ಊರಿನಲ್ಲೇ ಓದಿ, ಎಲ್ಲದಕ್ಕೂ ಎರಡೆರಡು ವರ್ಷ ತೆಗೆದುಕೊಂಡು, ಕೊನೆಗೆ ಮುಧೋಳದಲ್ಲಿ ಒಂದು ಕಚೇರಿಯ ಕಾರಕೂನನಾದೆ. ಸುದ್ದಿ ಅಲ್ಲಿಗೂ ಬಂತು. ಬೆನ್ನು ಹಿಡಿದುಕೊಂಡ ಜವಾನನಿಂದ ಮೇಲಧಿಕಾರಿಯವರೆಗೆ ಎಲ್ಲರೂ ಒಬ್ಬೊಬ್ಬರಾಗಿ ರೆಕಾರ್ಡ್ ರೂಮಿಗೆ ಬಂದು ಬಾಗಿಲು ಮುಂದೆಮಾಡಿ ಮಲಗಿದರು. ಮಳೆಗಾಲದಲ್ಲಿ ನದಿದಂಡೆಯ ಹಳ್ಳಿಗಳಿಗೆ ತಪಾಸಣೆಗೆ ಕಳಿಸುವಾಗ ಮಾತ್ರ ನನ್ನ ಹೆಸರನ್ನು ಬಿಡುತ್ತಿದ್ದರು. ಜೀಪಿನಲ್ಲಿ ನನ್ನ ಜೊತೆ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಬಡ್ತಿಯ ಕಾಲ ಬಂದಾಗ ಹೊರಗಿನ ಕೆಲಸದ ಅನುಭವ ಸಾಲದೆಂದು ನನ್ನ ಹೆಸರನ್ನು ಎರಡು ಸಲ ಕೆಳಗಿಟ್ಟರು. ಆ ಕಾಗದದ ಮೇಲೆ ಸಹಿ ಮಾಡಿದವರ ಬೆನ್ನಿನ ಮಚ್ಚೆ ಎಲ್ಲಿದೆಯೆಂದು ನಾನು ಇಂದಿಗೂ ಹೇಳಬಲ್ಲೆ.

ಇಷ್ಟೆಲ್ಲ ಆದರೂ ನನಗೆ ಒಂದು ಸಮಾಧಾನವಿತ್ತು. ನಾನು ಹುಟ್ಟಿದ್ದೇ ಹಾಗೆ. ಅದಕ್ಕೆ ಯಾರೇನು ಮಾಡಬೇಕು ಎಂದುಕೊಳ್ಳಬಹುದಿತ್ತು. ಆ ಸಮಾಧಾನವನ್ನು ನನ್ನ ತಾಯಿ ಒಂದು ಮಳೆಯ ಸಂಜೆ ಕಿತ್ತುಕೊಂಡಳು.

ಅಷ್ಟರಲ್ಲಿ ನನಗೆ ಜಮಖಂಡಿಗೆ ವರ್ಗವಾಗಿತ್ತು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು, ತಾಯಿ ನನ್ನ ಜೊತೆಗಿದ್ದಳು. ಗುಡುಗು ಆರಂಭವಾಯಿತು. ನಾನು ಎಂದಿನಂತೆ ಕೈಗಡಿಯಾರ ಬಿಚ್ಚಿ, ಕುರ್ಚಿಯನ್ನು ಕಿಟಕಿಯಿಂದ ದೂರ ಎಳೆದುಕೊಂಡೆ. ತಾಯಿ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತದೆ ಅಂದಳು:

"ಸಾಕ ಬಿಡೋ ಇನ್ನ. ಯಾರ ನೋಡತಾರ ಇಲ್ಲಿ? ನಿನಗೇನೂ ಆಗೂದಿಲ್ಲ. ನೀ ತಲೀ ಮುಂದಾಗೇ ಹುಟ್ಟೀದಿ."

ನಾನು ಮೊದಲು ತಮಾಷೆಯೆಂದುಕೊಂಡೆ. ಆಕೆ ತಮಾಷೆ ಮಾಡುವವಳಲ್ಲ. ಮತ್ತೆ ಮತ್ತೆ ಕೇಳಿ ತಿಳಿದುಕೊಂಡದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಾನು ಹುಟ್ಟಿದ್ದು ತಾಯಿಯ ತವರಾದ ಅನಗವಾಡಿಯಲ್ಲಿ. ಬನಹಟ್ಟಿಯ ಯಾರೂ ಆ ಹೆರಿಗೆಯನ್ನು ನೋಡಿರಲಿಲ್ಲ. ನನಗೆ ಆರು ವರ್ಷವಿದ್ದಾಗ ಒಮ್ಮೆ ನೇಯ್ಗೆಯಲ್ಲಿ ಏನೋ ಕೆಟ್ಟು, ಸಾವಕಾರರು ನಮ್ಮ ಮಗ್ಗಕ್ಕೆ ನೂಲು ನಿಲ್ಲಿಸುವುದಾಗಿ ಹೇಳಿಕಳಿಸಿದ್ದರು. ಅದೇ ವಾರ ಅವರು ಬೆನ್ನು ಹಿಡಿದುಕೊಂಡು ಹಾಸಿಗೆ ಹಿಡಿದಿದ್ದರು. ಅಜ್ಜಿ ಅವರ ಮನೆಗೆ ಹೋಗಿ, ನಮ್ಮ ಮನೆಯಲ್ಲಿ ಕಾಲು ಮುಂದಾಗಿ ಹುಟ್ಟಿದ ಕೂಸಿದೆ, ಇಷ್ಟು ದಿನ ದೃಷ್ಟಿಯಾದೀತೆಂದು ಹೇಳಿರಲಿಲ್ಲ ಎಂದಳು. ನನ್ನನ್ನು ಕರೆದೊಯ್ದರು. ನಾನು ಒದ್ದೆ. ಮರುದಿನ ಅವರು ಎದ್ದು ಕೂತರು. ನೂಲು ಬಂತು.

"ಒಂದ ಸಲ ಅಂದ ಮ್ಯಾಲ ಮುಂದ ನಡಸೂದ ಬಂತು" ಎಂದಳು ತಾಯಿ. "ಗುಡಗಿದಾಗ ನಿನ್ನ ಒಳಗ ಹಾಕದಿದ್ರ ಮಂದಿ ಸಂಶೆ ಪಡತಿದ್ರು. ಅದಕ್ಕ ಆಕಿ ಭಾಳ ಕಟ್ಟುನಿಟ್ಟ ಮಾಡತಿದ್ಲು."

"ಪರೀಕ್ಷಾದ ದಿನಾ? ಕಂಡಕ್ಟರ್ ಕೇಳಿದನಲ್ಲ. ಅಲ್ಲ ಅಂದಿದ್ರ ಮುಗೀತಿತ್ತು."

"ಸಾವಕಾರ ಕುಂತಿದ್ದಲ್ಲೋ ಅಲ್ಲೇ. ಅವನ ಮುಂದ ಹೆಂಗ ಅಂದಾಳು?"

"ನೀ? ನೀನೂ ಒಂದ ಮಾತ ಹೇಳಲಿಲ್ಲ."

ತಾಯಿ ಬತ್ತಿಯನ್ನು ತೊಡೆಯ ಮೇಲೆ ಹೊಸೆದು ಪಕ್ಕಕ್ಕಿಟ್ಟಳು. "ಅತ್ತಿ ಮಾತಿಗಿ ಎದರ ಮಾತಾಡೂ ಕಾಲೇನೋ ಅದು? ಮತ್ತ ನೀನರ ಏನ ಕಡಿಮಿದ್ದಿ? ಎಲ್ಲಾರೂ ನನ್ನ ಕಾಲ ಕೆಳಗ ಬೀಳತಾರಂತ ಓಣಿತುಂಬ ಕುಣೀತಿದ್ದಿ."

ಗುಡುಗು ಮುಂದುವರಿದಿತ್ತು. ಕುರ್ಚಿಯನ್ನು ಕಿಟಕಿಯ ಬಳಿಗೆ ತಿರುಗಿ ಎಳೆದುಕೊಳ್ಳಬಹುದಿತ್ತು. ನಾನು ಎಳೆದುಕೊಳ್ಳಲಿಲ್ಲ.

ಈಗ ಬನಹಟ್ಟಿಯ ವಾಚನಾಲಯದ ಆ ರವಿವಾರಕ್ಕೆ ಬರುತ್ತೇನೆ. ಅದು ತೊಂಬತ್ತರ ದಶಕದ ಒಂದು ಮೇ ತಿಂಗಳು. ಕಾಲೇಜು ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಮಾಯಾಲೋಕದ ಕಥೆ ಬರೆದಿದ್ದಳು. ಅದನ್ನು ಓದಿಸಿ, ಅದರ ಮೇಲೆ ಚರ್ಚೆ ಇಟ್ಟುಕೊಂಡಿದ್ದರು. ಊರಿನವನೆಂದು, ಮಾತನ್ನು ಅಳೆದು ಆಡುವವನೆಂದು, ನನ್ನನ್ನು ಜಮಖಂಡಿಯಿಂದ ಅಧ್ಯಕ್ಷತೆಗೆ ಕರೆಸಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ, ವಾಚನಾಲಯಕ್ಕೆ ಕಪಾಟು ಕೊಡಿಸಿದ ಹಿರಿಯರಾಗಿ, ಅದೇ ಸಾವಕಾರರು ಕೂತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಕೈಮುಗಿದರು.

ಹುಡುಗಿಯ ಕಥೆ ಹೀಗಿತ್ತು. ಒಂದು ರಾಜ್ಯದಲ್ಲಿ ಕೆಲವು ಮಕ್ಕಳು ಕೈಯಲ್ಲಿ ಗಾಳಿ ಹಿಡಿದೇ ಹುಟ್ಟುತ್ತಾರೆ. ಕೈ ಬೀಸಿದರೆ ಗಾಳಿ ಏಳುತ್ತದೆ. ಅಂಥ ಕೂಸು ಹುಟ್ಟಿತೆಂದು ಅರಮನೆಯ ಸೂಲಗಿತ್ತಿ ಹೇಳಿದ ಕೂಡಲೇ ಅದರ ಕೈಗೆ ಸೀಸದ ಕಡಗ ತೊಡಿಸುತ್ತಾರೆ. ಕಡಗವಿದ್ದರೆ ಗಾಳಿ ಏಳದು. ಅವರು ಊರ ನಡುವೆ ಮನೆ ಕಟ್ಟುವಂತಿಲ್ಲ, ಸಂತೆಗೆ ಬರುವಂತಿಲ್ಲ. ಸುಗ್ಗಿಯಲ್ಲಿ ಅರಮನೆಯ ಕಣದಲ್ಲಿ ಜೋಳ ತೂರುವಾಗ ಗಾಳಿ ಬಿದ್ದುಹೋದರೆ ಮಾತ್ರ ಕರೆಸಿ ಕಡಗ ಬಿಚ್ಚುತ್ತಾರೆ, ತೂರಿ ಮುಗಿದ ಮೇಲೆ ಮತ್ತೆ ತೊಡಿಸುತ್ತಾರೆ. ಮಾಯೆಯನ್ನು ಹೊತ್ತು ಹುಟ್ಟಿದವರನ್ನು ಹೀಗೆ ಕಟ್ಟಿಹಾಕುವುದು ಸರಿಯೇ ಎಂಬುದು ಚರ್ಚೆಯ ವಿಷಯ. ಆಕೆಗೆ ನನ್ನ ಸಂಗತಿ ಏನೂ ತಿಳಿದಿರಲಿಲ್ಲ. ಆಮೇಲೆ ಕೇಳಿ ಖಚಿತಪಡಿಸಿಕೊಂಡಿದ್ದೇನೆ.

ಮೊದಲು ಎದ್ದವರು ಸಾವಕಾರರು.

"ಕತಿ ಛಲೋ ಬರದೀಯವಾ ತಂಗಿ. ಆದರ ಕಡಗ ಬೇಕ ಬೇಕು. ಗಾಳಿ ಅಂದ್ರ ಆಟ ಅಲ್ಲ. ಹುಡುಗಗ ಸಿಟ್ಟ ಬಂದು ಒಮ್ಮಿ ಕೈ ಬೀಸಿದ್ರ ಊರಾನ ಮನೀ ಮ್ಯಾಲಿನ ತಗಡು ಪತ್ರಾಸ ಎಲ್ಲಾ ಹಾರಿ ಹೊಕ್ಕಾವು. ಒಬ್ಬನ ಸಲುವಾಗಿ ಊರ ಹಾಳ ಮಾಡಾಕ ಬರತೈತೇನು?"

"ಆದರ ಕತ್ಯಾಗ ಯಾವ ಕೂಸೂ ಪತ್ರಾಸ ಹಾರಿಸಿಲ್ಲಲ್ರೀ" ಎಂದಳು ಹುಡುಗಿ.

"ಯಾಕ ಹಾರಿಸಿಲ್ಲ? ಕಡಗ ಐತಂತ."

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಪವರ್‌ಲೂಮ್ ನಡೆಸುವ ಒಬ್ಬ ಕೂಗಿದ: "ಸಾವಕಾರ್ರ, ಆ ಹುಡುಗನ್ನ ನಮ್ಮ ಓಣ್ಯಾಗ ತಂದ ಬಿಡ್ರಿ. ಕರೆಂಟ ಹೋದಾಗ ಫ್ಯಾನಿಗರ ಆದಾನು."

"ಪುಕ್ಕಟ ಗಾಳಿ ಬೇಕು ನಿನಗ!"

"ಬ್ಯಾಡ ಅನ್ನಾವ್ರು ಯಾರ ಅದಾರ್ರೀ? ಆಮ್ಯಾಲ ಕಡಗ ಹಾಕಿ ಕಳಸೋಣು." ಎಲ್ಲರೂ ನಕ್ಕರು. ಅವನು ತಿಳಿಯದೆಯೇ ಇಡೀ ಚರ್ಚೆಯ ಅತ್ಯಂತ ಪ್ರಾಮಾಣಿಕ ಮಾತನ್ನು ಆಡಿದ್ದ.

ನನ್ನ ಸರದಿ ಬಂತು. ಎರಡು ಪುಟ ಬರೆದು ತಂದಿದ್ದೆ. ಅದರ ಪ್ರತಿ ಇನ್ನೂ ನನ್ನಲ್ಲಿದೆ. ಆದರೆ ಎದ್ದು ನಿಂತಾಗ ಅದನ್ನು ತೆರೆಯುವ ಮನಸ್ಸಾಗಲಿಲ್ಲ. ಹುಡುಗಿಗೆ ಒಂದು ಪ್ರಶ್ನೆ ಹಾಕಿದೆ.

"ಆ ಕೂಸಿನ ಕೈಯಾಗ ಗಾಳಿ ಐತಿ ಅಂತ ಮೊದಲ ಯಾರ ಹೇಳತಾರವಾ?"

"ಸೂಲಗಿತ್ತಿ, ಸರ್."

"ಆಕಿ ಸುಳ್ಳ ಹೇಳಿದ್ರ?"

ಹುಡುಗಿ ತನ್ನ ಕಥೆಯ ಹಾಳೆಗಳನ್ನು ಹಿಂದಕ್ಕೆ ತಿರುವತೊಡಗಿದಳು. ಸಾವಕಾರರು ಕೂತಲ್ಲಿಂದಲೇ, "ಸೂಲಗಿತ್ತಿ ಯಾಕ ಸುಳ್ಳ ಹೇಳ್ಯಾಳ್ರೀ? ಆಕಿಗೇನ ಬರೂದೈತಿ?" ಎಂದರು.

ನಾನು ಅವರತ್ತ ನೋಡದೆ ಮಾತು ಮುಂದುವರಿಸಿದೆ. ಕೈಯಲ್ಲಿ ನಿಜವಾಗಿ ಬೆಂಕಿ ಹಿಡಿದು ಹುಟ್ಟಿದ ಕೂಸಿದ್ದರೆ ಅದನ್ನು ಮೇವಿನ ಬಣವೆಯ ಹತ್ತಿರ ಬಿಡಬಾರದೆಂದು ನಾನೂ ಒಪ್ಪುತ್ತೇನೆ ಎಂದೆ. ಆದರೆ ಮೊದಲು ಬೆಂಕಿಯನ್ನು ತೋರಿಸಿರೆಂದು ಕೇಳುತ್ತೇನೆ. ಬೆಂಕಿ ಕಂಡ ಮೇಲೂ, ಕಡಗ ತೊಡಿಸುವವರೂ ತಮಗೆ ಬೇಕೆಂದಾಗ ಬಿಚ್ಚುವವರೂ ಒಬ್ಬರೇ ಆಗಿದ್ದರೆ, ಅದು ಊರಿನ ರಕ್ಷಣೆಗಾಗಿ ತೊಡಿಸಿದ ಕಡಗವೆಂದು ನಂಬಲಾರೆ. ತೂರುವ ದಿನ ಅಪಾಯವಿಲ್ಲದ ಗಾಳಿ ಸಂತೆಯ ದಿನ ಅಪಾಯವಾಗುವುದು ಹೇಗೆಂದು ಅರಮನೆಯವರು ಯಾವ ಪುಟದಲ್ಲೂ ಹೇಳಿಲ್ಲ. ಇಷ್ಟು ಹೇಳಿ ಕೂತೆ. ಚಪ್ಪಾಳೆ ಬಿತ್ತು, ಸಾವಕಾರರಿಗೆ ಬಿದ್ದಷ್ಟಲ್ಲ. ಹುಡುಗಿ ಮಾತ್ರ ತಲೆ ತಗ್ಗಿಸಿ ಏನನ್ನೋ ಬರೆದುಕೊಳ್ಳುತ್ತಿದ್ದಳು.

ಸಭೆ ಮುಗಿದು ಜನ ಎದುರಿನ ಅಂಗಡಿಗೆ ಚಹಕ್ಕೆ ಹೋದರು. ಆಕಾಶ ಕಪ್ಪಾಗತೊಡಗಿತ್ತು. ಸಾವಕಾರರು ಹೋಗಲಿಲ್ಲ. ಗೋಡೆ ಹಿಡಿದು ಹತ್ತಿರ ಬಂದರು.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ನಾಕ ದಿನಾ ಆತು, ನಡ ಹಿಡಕೊಂಡ ಕುಂತೈತಿ. ಡಾಕ್ಟರ್ ಗುಳಿಗಿ ಕೊಟ್ಟಾರ, ಕಡಿಮಿಲ್ಲ. ಒಂದೀಟ ಕಾಲ ಹಚ್ಚತೀರೇನು?"

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾನು ಕಾದಿದ್ದ ಗಳಿಗೆ ಅದು. ಏನು ಹೇಳಬೇಕೆಂಬುದನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟುಕೊಂಡಿದ್ದೆ. ಅವರ ಬಾಯಿಂದ ತಪ್ಪಾಯಿತೆಂಬ ಒಂದು ಮಾತು ಬರಬೇಕು. ನನಗೆ ಬೇಕಿದ್ದುದು ಅಷ್ಟೇ.

"ಹಚ್ಚತೇನಿ" ಎಂದೆ. "ಅದಕ್ಕೂ ಮೊದಲ ಒಂದ ಮಾತ ಕೇಳಬೇಕು. ಮುಲ್ಕಿ ಪರೀಕ್ಷಾಕ್ಕ ಹೊಂಟಾಗ ನನ್ನ ಬಸ್ಸಿನಿಂದ ಇಳಿಸಿದ್ರಲ್ಲ, ಯಾಕ?"

ಅವರು ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು. "ಯಾವ ಬಸ್ಸ ರೀ?"

ನಾನು ತಿಂಗಳು ಹೇಳಿದೆ, ಬೇವಿನ ಮರ ಹೇಳಿದೆ, ಅವರು ಕೂತಿದ್ದ ಸೀಟು ಹೇಳಿದೆ, ರಬ್ಬರಿನ ಗಾಲಿಯ ಮಾತನ್ನೂ ಹೇಳಿದೆ. ಅವರು ಎಲ್ಲವನ್ನೂ ಕೇಳಿ ನಿಧಾನವಾಗಿ ತಲೆಯಾಡಿಸಿದರು. ಸುಳ್ಳು ಹೇಳುತ್ತಿರಲಿಲ್ಲ. ಆ ಬೆಳಗು ಅವರ ತಲೆಯಲ್ಲಿ ಎಲ್ಲೂ ಇರಲಿಲ್ಲ.

"ನನಗ ನೆನಪಿಲ್ಲ ಬಿಡ್ರಿ. ಗುಡಗಿದ್ರ ಇಳಿಸಿರಬೇಕು. ಎಲ್ಲಾರೂ ಹಂಗ ಮಾಡತಿದ್ರು ಆಗಿನ ಕಾಲಕ್ಕ."

"ನಾ ಕಾಲ ಮುಂದಾಗಿ ಹುಟ್ಟಿದಾಂವ ಅಲ್ರೀ ಸಾವಕಾರ್ರ. ನಮ್ಮ ಅಜ್ಜಿ ಸುಳ್ಳ ಹೇಳಿದ್ಲು. ನಮ್ಮ ಅವ್ವನ ಬಾಯಿಂದ ಕೇಳೇನಿ."

ಅವರು ನಕ್ಕರು. ಮಕ್ಕಳ ಮಾತಿಗೆ ನಗುವ ಹಾಗೆ ನಕ್ಕರು. "ಮುಪ್ಪಿನ ಕಾಲಕ್ಕ ಹೆಣಮಕ್ಕಳು ಏನೇನರ ಅಂತಾರ್ರೀ. ನನ್ನ ಬೆನ್ನಿಗೆ ಗೊತ್ತಿಲ್ಲೇನು? ನಿಮ್ಮ ಕಾಲಿನಷ್ಟ ಛಲೋ ಕಾಲ ಈ ಊರಾಗ ಇನ್ನೊಂದ ಹುಟ್ಟಿಲ್ಲ."

ಹಾಗೆ ಹೇಳಿ ಟೊಪ್ಪಿಗೆ ತೆಗೆದು ಕಪಾಟಿನ ಮೇಲಿಟ್ಟು, ಒಂದು ಕೈಯೂರಿ, ಮೊಣಕಾಲೂರಿ, ಬಹಳ ಹೊತ್ತು ತೆಗೆದುಕೊಂಡು ವಾಚನಾಲಯದ ಹೊಸ್ತಿಲಿನ ಮೇಲೆ ಬೋರಲಾದರು. ಅಂಗಿ, ಬನಿಯನ್ ಮೇಲೆ ಸರಿದಿದ್ದವು. ನಡು ಮುಪ್ಪಾಗಿತ್ತು, ಚರ್ಮ ಸಡಿಲಾಗಿ, ಎಲುಬು ಒಂದೊಂದಾಗಿ ಎಣಿಸುವಂತೆ ಕಾಣುತ್ತಿತ್ತು. ನಾನು ಚಪ್ಪಲಿ ಬಿಚ್ಚಿದೆ. ಹದಿಮೂರನೆಯ ವಯಸ್ಸಿನಲ್ಲಿ ಒದ್ದಂತೆ ಒದೆಯಲು ಮನಸ್ಸಿನಲ್ಲಿ ಏನೂ ಉಳಿದಿರಲಿಲ್ಲ. ಮೂರು ಸಲ ಕಾಲನ್ನು ಮುಟ್ಟಿಸಿದೆ. ಆಮೇಲೆ ಏಳುವಾಗ ಬೀಳದಂತೆ ಅವರ ಭುಜ ಹಿಡಿದುಕೊಂಡೆ.

ಅವರು ಎದ್ದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. "ಹಗುರಾತ್ರೀ" ಎಂದರು. ನಿಜವಾಗಿಯೂ ಗೋಡೆ ಹಿಡಿಯದೆ ಮೆಟ್ಟಿಲು ಇಳಿದರು. ಆಗ ಗುಡುಗಿತು. ಅವರು ರಸ್ತೆಯ ನಡುವೆ ನಿಂತು, ಹಿಂದಿರುಗಿ, ಕೈಯನ್ನು ಒಳಕ್ಕೆ ಬೀಸಿದರು.

"ಒಳಗ ಹೋಗ್ರಿ ಸಾಹೇಬ್ರ, ಒಳಗ. ಮಳಿ ನಿಂದರೂತನಾ ಹೊರಗ ಬರಬ್ಯಾಡ್ರಿ ಮತ್ತ."

ದನಿಯಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ನನ್ನ ಬಗ್ಗೆ ನಿಜವಾದ ಕಾಳಜಿ ಇತ್ತು. ಬಸ್ಸಿನ ದಿನವೂ ಹಾಗೆಯೇ ಇತ್ತೇನೋ, ಗೊತ್ತಿಲ್ಲ. ಇಷ್ಟು ವರ್ಷ ಅದನ್ನು ಬೇರೆಯಾಗಿ ಕೇಳಿಸಿಕೊಂಡಿದ್ದೇನೆ, ಇನ್ನು ಬದಲಾಯಿಸುವ ಚೈತನ್ಯ ನನ್ನಲ್ಲಿಲ್ಲ.

ಕುರ್ಚಿಗಳನ್ನು ಎತ್ತಿಡುತ್ತಿದ್ದ ಹುಡುಗಿ ಬಾಗಿಲಿಗೆ ಬಂದಳು. "ಸರ್, ಜಮಖಂಡಿ ಬಸ್ ಬಂದ ನಿಂತೈತ್ರಿ. ಛತ್ರಿ ಕೊಡಲೇನ್ರಿ?"

ಬಸ್ಸು ಎದುರಿಗೇ ಇತ್ತು, ಹದಿನೈದು ಹೆಜ್ಜೆ. ಮಳೆ ಇನ್ನೂ ದಪ್ಪ ಹನಿಯಷ್ಟೇ. ಕಂಡಕ್ಟರ್ ಬಾಗಿಲು ತೆರೆದು ಹಿಡಿದು ನನ್ನ ಕಡೆಯೇ ನೋಡುತ್ತಿದ್ದ. ಅವನು ಹುಟ್ಟುವ ಮೊದಲೇ ಮುಗಿದುಹೋದ ಸಂಗತಿ ಅವನಿಗೇನು ಗೊತ್ತು? ನಾನು ತಲೆ ಮುಂದಾಗಿ ಹುಟ್ಟಿದವನು, ನನ್ನ ಜೇಬಿನಲ್ಲಿ ಹಣವಿತ್ತು, ನನ್ನನ್ನು ತಡೆಯುವವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಇನ್ನೊಮ್ಮೆ ಗುಡುಗಿತು. ನನ್ನ ಬಲಗೈ ತಾನಾಗಿಯೇ ಎಡಗೈಯ ಗಡಿಯಾರದ ಪಟ್ಟಿಯನ್ನು ಬಿಚ್ಚುತ್ತಿತ್ತು.

"ಮುಂದಿನ ಬಸ್ಸಿಗಿ ಹೋಗತೇನಿ" ಎಂದೆ.

ಕಂಡಕ್ಟರ್ ಒಂದು ಕ್ಷಣ ಕಾದು, ಬಾಗಿಲು ಎಳೆದುಕೊಂಡು ಸೀಟಿ ಊದಿದ.